ಶಿವಮೊಗ್ಗದಲ್ಲಿ ಲೈವ್ ಸಂಗೀತಕ್ಕೆಂದೇ ಒಂದು ಜಾಗ ಮಾಡಿದರೆ ಜನ ಬರ್ತಾರಾ ಅಂತ ಮೊದಲೇ ತಿಳಿಯೋದು ಹೇಗೆ?

ಬರ್ತೀರಾ ಅಂತ ಕೇಳಬೇಡಿ, ಟಿಕೆಟ್ ಮಾರಿ ನೋಡಿ. ಕಟ್ಟಡಕ್ಕೆ ಅಡ್ವಾನ್ಸ್ ಕೊಡುವ ಮೊದಲು ಬಾಡಿಗೆ ಹಾಲ್‌ನಲ್ಲಿ ಮೂರು ಕಾರ್ಯಕ್ರಮ ಮಾಡಿ, ಮುಂಗಡ ದುಡ್ಡು ಕೊಟ್ಟವರನ್ನಷ್ಟೇ ಎಣಿಸಿ. ಪಾಸ್‌ನವರು ಲೆಕ್ಕಕ್ಕಿಲ್ಲ.

ಇಲ್ಲಿ ಗಣಪತಿ ಪೆಂಡಾಲು, ದಸರಾ ವೇದಿಕೆ, ರಾಮನವಮಿ ಕಛೇರಿ ಬಹುಪಾಲು ಉಚಿತ. ಕೇಳುಗರಿಗೆ ಬರವಿಲ್ಲ, ಕೇಳೋಕೆ ದುಡ್ಡು ಕೊಡುವ ರೂಢಿ ಕಡಿಮೆ. ವಾಟ್ಸಾಪ್ ಗ್ರೂಪಿನಲ್ಲಿ 'ಖಂಡಿತ ಬರ್ತೀವಿ' ಅನ್ನೋಕೆ ಯಾರಿಗೂ ಖರ್ಚಿಲ್ಲವಲ್ಲ. ಉಚಿತ ಕಾರ್ಯಕ್ರಮಗಳೇ ತುಂಬಿರುವ ಹಬ್ಬದ ವಾರಗಳಲ್ಲಿ ಈ ಪರೀಕ್ಷೆ ಬೇಡ.

ಎಷ್ಟು ಜನ ಬೇಕು ಅನ್ನೋದನ್ನು ಮೊದಲೇ ಲೆಕ್ಕ ಹಾಕಿ. ಬಾಡಿಗೆ, ಕರೆಂಟು, ಸಂಬಳ ಸೇರಿ ತಿಂಗಳಿಗೆ 1,20,000 ರೂ., 8 ಕಾರ್ಯಕ್ರಮ ಅಂದುಕೊಳ್ಳಿ: ಒಂದಕ್ಕೆ 15,000. ಕಲಾವಿದರಿಗೂ ಸೌಂಡಿಗೂ ಇನ್ನೊಂದು 15,000. ಟಿಕೆಟ್ 200 ರೂ. ಆದರೆ 150 ಜನ ಬಂದಾಗ ಅಸಲು ಹುಟ್ಟುತ್ತೆ, ಲಾಭ ಆಮೇಲಿನ ಮಾತು.

ಮೂರಕ್ಕೂ ಬೇರೆ ಬೇರೆಯವರನ್ನು ಕರೆಸಿ: ಸುಗಮ ಸಂಗೀತ, ಹಿಂದೂಸ್ತಾನಿ, ಕಾಲೇಜು ಹುಡುಗರ ಬ್ಯಾಂಡ್. ಪ್ರತಿ ಟಿಕೆಟ್ಟಿಗೂ ಫೋನ್ ನಂಬರು, ಊರು ಬರೆದುಕೊಳ್ಳಿ. ಮೊದಲ ದಿನ ಅರ್ಧ ಹಾಲ್ ಕಲಾವಿದರ ನೆಂಟರಿಷ್ಟರೇ ಇರಬಹುದು. ಹಾಡುವವರು ಬದಲಾದರೂ ಮತ್ತೆ ಟಿಕೆಟ್ ಕೊಂಡ ನಂಬರುಗಳೇ ನಿಮ್ಮ ಜಾಗದ ನಿಜವಾದ ಗಿರಾಕಿಗಳು.

ಒಂದು ಕಾರ್ಯಕ್ರಮವನ್ನು ಜುಲೈ ಮಳೆಯಲ್ಲೇ ಇಡಿ. ಸಂಜೆ 6ಕ್ಕೇ ಶುರು ಮಾಡಿ, ತಡವಾದರೆ ಭದ್ರಾವತಿ, ತೀರ್ಥಹಳ್ಳಿ ಕಡೆಯವರು ಬಸ್ಸಿಗಾಗಿ ನಡುವೆಯೇ ಎದ್ದು ಹೋಗ್ತಾರೆ. ತಗಡಿನ ಚಾವಣಿಯ ಹಾಲ್ ಮಾತ್ರ ಬೇಡ. ಜೋರು ಮಳೆ ಬಿದ್ದರೆ ತಂಬೂರಿ ಶ್ರುತಿಯೇ ಕೇಳಿಸಲ್ಲ.