ಚೀನಾದಲ್ಲಿ ತಯಾರಾದ ಕಾರು ಕೊಳ್ಳಬಹುದಾ? ಜನ ಯಾಕೆ ಹೆದರುತ್ತಾರೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಚೀನಾದಲ್ಲಿ ತಯಾರಾದ ಒಂದು ಎಲೆಕ್ಟ್ರಿಕ್ ಕಾರು ನಿಮಗೆ ಹಿಡಿಸಿದೆ. ಅದೇ ಅಳತೆಯ ಬೇರೆ ಕಾರುಗಳಿಗಿಂತ ಬೆಲೆ ಕಡಿಮೆ, ಸೌಲಭ್ಯ ಜಾಸ್ತಿ. ಆದರೆ ಮನೆಯವರು, ಗೆಳೆಯರು ಎಲ್ಲರೂ 'ಚೈನಾ ಮಾಲು, ಬೇಡವೇ ಬೇಡ' ಅನ್ನುತ್ತಿದ್ದಾರೆ. ಜನ ಯಾಕೆ ಹೀಗೆ ಹಿಂಜರಿಯುತ್ತಾರೆ, ನಾನಾಗಿದ್ದರೆ ಕೊಳ್ಳುತ್ತಿದ್ದೆನಾ ಅಂತ ಕೇಳಿದ್ದೀರಿ.

ಕೊಳ್ಳುತ್ತಿದ್ದೆ. ಆದರೆ ಎಲ್ಲವನ್ನೂ ಅಲ್ಲ.

ನಾನು ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಕಾರು ನೋಡಿ, ರಿಪೇರಿಗೆ ಎಷ್ಟಾಗುತ್ತದೆ, ಅಥವಾ ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿ ಪ್ರಯೋಜನವಿಲ್ಲ, ಅಂತ ಬರೆದುಬಿಡುವುದೇ ಮೇಲಾ ಅಂತ ಹೇಳುವುದು ನನ್ನ ಕೆಲಸ. ಶೋರೂಮಿನಲ್ಲಿ ಫಳಫಳ ಹೊಳೆಯುವ ಕಾರಿಗಿಂತ ಬಾಗಿಲು ನುಜ್ಜುಗುಜ್ಜಾದ ಕಾರನ್ನೇ ನಾನು ಹೆಚ್ಚು ನೋಡುವುದು. ಹಾಗಾಗಿ ನನ್ನ ಉತ್ತರ ಆ ಕಡೆಗೇ ಸ್ವಲ್ಪ ವಾಲುತ್ತದೆ.

ಜನರ ಭಯ ಸುಮ್ನೆ ಹುಟ್ಟಿದ್ದಲ್ಲ. 2005ರಲ್ಲಿ ಜರ್ಮನಿಯ ಎಡಿಎಸಿ ಎಂಬ ವಾಹನ ಮಾಲೀಕರ ಸಂಘ ಲ್ಯಾಂಡ್‌ವಿಂಡ್ ಎಂಬ ಚೀನೀ ಎಸ್‌ಯುವಿಯ ಡಿಕ್ಕಿ ಪರೀಕ್ಷೆ ಮಾಡಿತು. ಕಾರಿನ ಮುಂಭಾಗ ಮಡಚಿಕೊಂಡು ಚಾಲಕ ಕೂರುವ ಜಾಗದೊಳಗೇ ನುಗ್ಗಿತ್ತು. ಆ ದೃಶ್ಯ ಎಲ್ಲ ಕಡೆ ಹರಿದಾಡಿತು. 2007ರಲ್ಲಿ ಬ್ರಿಲಿಯನ್ಸ್ ಬಿಎಸ್6 ಎಂಬ ಚೀನೀ ಸೆಡಾನ್‌ಗೆ ಡಿಕ್ಕಿ ಪರೀಕ್ಷೆಯಲ್ಲಿ ಐದರಲ್ಲಿ ಸಿಕ್ಕಿದ್ದು ಒಂದೇ ಸ್ಟಾರ್. 2012ರಲ್ಲಿ ಆಸ್ಟ್ರೇಲಿಯಾದಲ್ಲಿ ಗ್ರೇಟ್ ವಾಲ್ ಮತ್ತು ಚೆರಿ ಕಂಪನಿಗಳ ಸುಮಾರು 23,000 ವಾಹನಗಳನ್ನು ವಾಪಸ್ ಕರೆಸಬೇಕಾಯಿತು. ಎಂಜಿನ್ ಮತ್ತು ಸೈಲೆನ್ಸರ್ ಕಡೆಯ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸಿಕ್ಕಿತ್ತು. ಆ ದೇಶದಲ್ಲಿ ಅದಕ್ಕೆ ನಿಷೇಧವಿದೆ. ಇಂಥ ಸುದ್ದಿ ಒಮ್ಮೆ ತಲೆಯಲ್ಲಿ ಕೂತರೆ ಬೇಗ ಏಳುವುದಿಲ್ಲ.

ಆಮೇಲೆ ಏನಾಯಿತು ಅನ್ನುವುದು ಮಾತ್ರ ಅಷ್ಟು ಹರಿದಾಡಲಿಲ್ಲ. ಪಾಸಾದ ಪರೀಕ್ಷೆಯ ವಿಡಿಯೊ ಯಾರು ನೋಡುತ್ತಾರೆ ಹೇಳಿ? 2022ರಲ್ಲಿ ಯುರೋ ಎನ್‌ಕ್ಯಾಪ್, ಅಂದರೆ ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಅಳೆದು ಸ್ಟಾರ್ ಕೊಡುವ ಸಂಸ್ಥೆಯ, ಪರೀಕ್ಷೆಯಲ್ಲಿ ಬಿವೈಡಿ ಅಟ್ಟೊ 3, ಎಂಜಿ4, ಓರಾ ಫಂಕಿ ಕ್ಯಾಟ್ ಮೂರಕ್ಕೂ 5 ಸ್ಟಾರ್ ಸಿಕ್ಕಿತು. ಮೂರೂ ಚೀನಾದಲ್ಲೇ ತಯಾರಾದವು. ಅಂದರೆ ಚೀನಾ ಕಾರೆಲ್ಲ ಈಗ ಗಟ್ಟಿ ಅಂತಾನಾ? ಅದೂ ಅಲ್ಲ. ಅದರ ಮರುವರ್ಷ, 2023ರ ಕೊನೆಯಲ್ಲಿ, ಎಂಜಿಯದೇ ಇನ್ನೊಂದು ಕಾರು, ಪೆಟ್ರೋಲ್ ಎಂಜಿ5, ಆಸ್ಟ್ರೇಲಿಯಾದ ಎಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸೊನ್ನೆ ಸ್ಟಾರ್ ತೆಗೆದುಕೊಂಡಿತು. ಒಂದೇ ಬ್ಯಾಡ್ಜ್, ಒಂದರಲ್ಲಿ ಐದು, ಇನ್ನೊಂದರಲ್ಲಿ ಸೊನ್ನೆ. ಇನ್ನು 2021ರಲ್ಲಿ ಒಂದೇ ಸ್ಟಾರ್ ಪಡೆದ ಡಾಸಿಯಾ ಸ್ಪ್ರಿಂಗ್ ಇದೆಯಲ್ಲ, ಅದು ಫ್ರಾನ್ಸ್‌ನ ರೆನೊ ಗುಂಪಿನ ಕಾರು. ತಯಾರಾಗುತ್ತಿದ್ದದ್ದು ಚೀನಾದ ಹುಬೇಯಲ್ಲಿ. ಅದಕ್ಕೆ ಬೈಯುವಾಗ ಯಾವ ದೇಶವನ್ನು ಬೈಯಬೇಕು?

ನನ್ನ ಪ್ರಕಾರ ಇಲ್ಲೇ ಜನ ಎಡವುವುದು. ದೇಶ ನೋಡುತ್ತಾರೆ, ಮಾಡೆಲ್ ನೋಡುವುದಿಲ್ಲ. ಕಾರು ಎಷ್ಟು ಗಟ್ಟಿ ಅನ್ನುವುದನ್ನು ಕಂಪನಿ ಯಾವ ದರ್ಜೆಗೆ ಅಂತ ಅದನ್ನು ಮಾಡಿದೆ, ಯಾವ ಮಾರುಕಟ್ಟೆಗೆ ಮಾಡಿದೆ ಅನ್ನುವುದು ತೀರ್ಮಾನಿಸುತ್ತದೆ. ಅದೇ ಕಾರಿಗೆ ಒಂದು ದೇಶದಲ್ಲಿ ಆರು ಏರ್‌ಬ್ಯಾಗ್, ಇನ್ನೊಂದು ದೇಶದಲ್ಲಿ ಎರಡೇ ಇರಬಹುದು. ಆದ್ದರಿಂದ ಸ್ಟಾರ್ ನೋಡುವಾಗ ನಿಮಗೆ ಮಾರುತ್ತಿರುವ ಆವೃತ್ತಿಗೇ ಆ ಸ್ಟಾರ್ ಸಿಕ್ಕಿದ್ದಾ, ಯಾವ ವರ್ಷ ಸಿಕ್ಕಿದ್ದು ಅಂತ ನೋಡಿ.

ಇನ್ನೊಂದು ತಮಾಷೆ ಇದೆ. 'ಚೀನಾ ಕಾರು ಮುಟ್ಟಲ್ಲ' ಅನ್ನುವವರಲ್ಲಿ ಕೆಲವರು ಈಗಾಗಲೇ ಅದನ್ನೇ ಓಡಿಸುತ್ತಿರುತ್ತಾರೆ. ಟೆಸ್ಲಾ 2020ರಿಂದ ಶಾಂಘೈನಲ್ಲಿ ತಯಾರಾದ ಮಾಡೆಲ್ 3 ಕಾರುಗಳನ್ನು ಯುರೋಪಿಗೆ ಕಳಿಸಲು ಶುರು ಮಾಡಿತು. ಬಿಎಂಡಬ್ಲ್ಯುನ ಮೊದಲ ಪೀಳಿಗೆಯ ಐಎಕ್ಸ್3 ಜಗತ್ತಿಗೆಲ್ಲ ಹೋದದ್ದು ಚೀನಾದ ಶೆನ್ಯಾಂಗ್ ಕಾರ್ಖಾನೆಯಿಂದ. ಪೋಲ್‌ಸ್ಟಾರ್ 2, ಹೊಸ ಎಲೆಕ್ಟ್ರಿಕ್ ಮಿನಿ, ಅಮೆರಿಕದಲ್ಲಿ ಮಾರುವ ಬ್ಯೂಕ್ ಎನ್ವಿಷನ್ ಕೂಡ ಅಲ್ಲಿಂದಲೇ ಬಂದವು. ವೋಲ್ವೊ ಕಾರು ಕಂಪನಿಯನ್ನು ಚೀನಾದ ಗೀಲಿ ಕೊಂಡಿದ್ದು 2010ರಲ್ಲೇ. ಅನುಮಾನವಿದ್ದರೆ ಕಾರಿನ ವಿಐಎನ್, ಅಂದರೆ ಗುರುತಿನ ಸಂಖ್ಯೆ ನೋಡಿ. ಮುಂದಿನ ಗಾಜಿನ ಕೆಳಗೆ ಮೂಲೆಯಲ್ಲಿ ಹದಿನೇಳು ಅಕ್ಷರ, ಅಂಕಿ ಇರುತ್ತವೆ. ಮೊದಲ ಅಕ್ಷರ 'ಎಲ್' ಇದ್ದರೆ ಚೀನಾದಲ್ಲಿ ತಯಾರಾದದ್ದು. ಸಾಮಾನ್ಯವಾಗಿ ಜಪಾನಿಗೆ 'ಜೆ', ಜರ್ಮನಿಗೆ 'ಡಬ್ಲ್ಯು'. ನಾವು ಸರ್ವೇಯರ್‌ಗಳು ಮೊದಲು ನೋಡುವುದೇ ಇದನ್ನು. ಮಾಲೀಕರಿಗೆ ಹೇಳಿದರೆ ಕೆಲವರ ಮುಖ ನೋಡಬೇಕು ನೀವು.

ಈ ಮನಸ್ಥಿತಿ ಚೀನಾಕ್ಕೆ ಮಾತ್ರ ಸೀಮಿತವಲ್ಲ. 1965ರಲ್ಲಿ ರಾಬರ್ಟ್ ಸ್ಕೂಲರ್ ಎಂಬ ಸಂಶೋಧಕ ಗ್ವಾಟೆಮಾಲಾದ ವಿದ್ಯಾರ್ಥಿಗಳಿಗೆ ಒಂದೇ ಹಣ್ಣಿನ ರಸ, ಒಂದೇ ಬಟ್ಟೆ ಕೊಟ್ಟು ಲೇಬಲ್ಲಿನಲ್ಲಿ ಮಾತ್ರ ದೇಶದ ಹೆಸರು ಬದಲಿಸಿದ್ದ. ಕೆಲವು ನೆರೆದೇಶಗಳ ಹೆಸರಿದ್ದದ್ದಕ್ಕೆ ಕಡಿಮೆ ಅಂಕ ಬಿತ್ತು. ಜಪಾನಿನ ಕಾರಿಗೂ ಹೀಗೇ ಆಗಿತ್ತು. 1950ರ ದಶಕದ ಕೊನೆಯಲ್ಲಿ ಟೊಯೋಟಾ ಅಮೆರಿಕಕ್ಕೆ ಒಯ್ದ ಟೊಯೊಪೆಟ್ ಕ್ರೌನ್ ಅಲ್ಲಿನ ಹೆದ್ದಾರಿಯ ವೇಗ ತಾಳಲಾರದೆ ವಾಪಸ್ ಬಂತು. 1986ರಲ್ಲಿ ಹ್ಯುಂಡೈ ಎಕ್ಸೆಲ್ ಅಗ್ಗ ಅಂತ ಅಮೆರಿಕದಲ್ಲಿ ಬಿಸಿಬಿಸಿಯಾಗಿ ಮಾರಾಟವಾಯಿತು. ಆಮೇಲೆ ಕೆಟ್ಟು ನಿಂತು ಹೆಸರೂ ಕೆಟ್ಟಿತು. ಅದನ್ನು ತೊಳೆದುಕೊಳ್ಳಲು ಕಂಪನಿ 1990ರ ದಶಕದ ಕೊನೆಯಲ್ಲಿ ಎಂಜಿನ್, ಗೇರ್‌ಬಾಕ್ಸ್‌ಗೆ ಹತ್ತು ವರ್ಷದ ವಾರಂಟಿ ಕೊಡಬೇಕಾಯಿತು. ಜನರ ಅಭಿಪ್ರಾಯ ಬದಲಾಗಿದ್ದು ಜಾಹೀರಾತಿನಿಂದಲ್ಲ, ಆ ಕಾಗದದಿಂದ ಅಂತ ನನಗನ್ನಿಸುತ್ತದೆ. ಈಗ ಚೀನೀ ಕಂಪನಿಗಳು ಏಳೇಳು ವರ್ಷ ವಾರಂಟಿ ಕೊಡುತ್ತಿರುವುದೂ ಅದೇ ಲೆಕ್ಕದಲ್ಲಿ.

ಚೀನಾದ ಜನರೇ ಬಹಳ ಕಾಲ ತಮ್ಮ ದೇಶದ ಕಾರನ್ನು ಕೀಳಾಗಿ ನೋಡುತ್ತಿದ್ದರು. ದುಡ್ಡಿದ್ದವರು ಜರ್ಮನ್, ಜಪಾನೀ ಕಾರು ಕೊಳ್ಳುತ್ತಿದ್ದರು. 2024ರ ಹೊತ್ತಿಗೆ ಅಲ್ಲಿ ಮಾರಾಟವಾಗುವ ಕಾರುಗಳಲ್ಲಿ 60%ಕ್ಕಿಂತ ಹೆಚ್ಚು ಸ್ವದೇಶಿ ಬ್ರ್ಯಾಂಡ್‌ಗಳದ್ದೇ ಆಗಿವೆ. 2023ರಲ್ಲಿ ಜಪಾನನ್ನು ಹಿಂದಿಕ್ಕಿ ಅತಿ ಹೆಚ್ಚು ವಾಹನ ರಫ್ತು ಮಾಡುವ ದೇಶವೂ ಚೀನಾ ಆಯಿತು. ಬ್ಯಾಟರಿಯಲ್ಲಂತೂ ಅವರೇ ಮುಂದೆ. ಬಿವೈಡಿ 1995ರಲ್ಲಿ ಶುರುವಾಗಿದ್ದೇ ಬ್ಯಾಟರಿ ಕಂಪನಿಯಾಗಿ, ಕಾರಿಗೆ ಕೈ ಹಾಕಿದ್ದು 2003ರಲ್ಲಿ. ನಿಂಗ್ಡೆ ಊರಿನ ಸಿಎಟಿಎಲ್ ಕಂಪನಿಯ ಬ್ಯಾಟರಿ ಟೆಸ್ಲಾದಲ್ಲೂ ಇದೆ, ಬಿಎಂಡಬ್ಲ್ಯುನಲ್ಲೂ ಇದೆ. ಹಾಗಾಗಿ 'ಚೀನಾ ಬ್ಯಾಟರಿ, ಬೆಂಕಿ ಹತ್ತುತ್ತೆ' ಅಂತ ಹೆದರಿ ಬೇರೆ ಬ್ರ್ಯಾಂಡಿಗೆ ಹೋದರೂ ಅದೇ ಬ್ಯಾಟರಿ ಸಿಗಬಹುದು.

ಸರಿ, ಹಾಗಾದರೆ ಹೆದರಬೇಕಾದ್ದೇನೂ ಇಲ್ವಾ? ಇದೆ. ಆದರೆ ಜನ ಹೆದರುವ ಜಾಗದಲ್ಲಿ ಇಲ್ಲ.

ನನ್ನ ಕೆಲಸದಲ್ಲಿ ಪದೇ ಪದೇ ಎದುರಾಗುವುದು ಸ್ಪೇರ್ ಪಾರ್ಟ್ಸ್ ಗೋಳು. ಕಾರು ಹೊಸದು, ಬ್ರ್ಯಾಂಡೂ ಮಾರುಕಟ್ಟೆಗೆ ಹೊಸದು. ಪಾರ್ಕಿಂಗ್‌ನಲ್ಲಿ ಯಾರೋ ಗುದ್ದಿ ಹೋದರು. ಹೆಡ್‌ಲೈಟ್ ಒಡೆದಿದೆ, ಬಂಪರ್ ಸೀಳಿದೆ, ಅದರ ಹಿಂದಿನ ರೇಡಾರ್ ಸೆನ್ಸರ್ ಹೋಗಿದೆ. ಹಳೇ ಬ್ರ್ಯಾಂಡಾದರೆ ಇವೆಲ್ಲ ಗೋದಾಮಿನಲ್ಲೇ ಇರುತ್ತವೆ. ಹೊರಗಿನ ಕಂಪನಿಗಳು ಮಾಡಿದ ಬದಲಿ ಪಾರ್ಟ್ಸ್ ಇರುತ್ತವೆ, ಗುಜರಿಯಲ್ಲೂ ಸಿಗುತ್ತವೆ. ಹೊಸ ಬ್ರ್ಯಾಂಡಿಗೆ ಈ ಮೂರೂ ಇಲ್ಲ. ಹಡಗಿನಲ್ಲಿ ಬರಬೇಕು. ಒಂದು ಬ್ರ್ಯಾಂಡಿನ ಕಾರುಗಳು, ಹೆಸರು ಬೇಡ, ಒಂದೇ ಒಂದು ಹೆಡ್‌ಲೈಟಿಗಾಗಿ ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಧೂಳು ಹಿಡಿದು ನಿಂತಿದ್ದನ್ನು ನೋಡಿದ್ದೇನೆ. ಮಾಲೀಕರು ಕಂತು ಕಟ್ಟುತ್ತಾ ಬಾಡಿಗೆ ಗಾಡಿಯಲ್ಲಿ ಓಡಾಡುತ್ತಿದ್ದರು. ಕಾರಿನೊಳಗೆ ಟೀವಿಯಷ್ಟು ದೊಡ್ಡ ಸ್ಕ್ರೀನ್, ಸೀಟಿಗೆ ಮಸಾಜ್, ಆದರೆ ಬಂಪರ್ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇದಕ್ಕಿಂತ ದೊಡ್ಡ ತಲೆನೋವು ಕಾರಿನ ಅಡಿಭಾಗಕ್ಕೆ ಪೆಟ್ಟಾದಾಗ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ನೆಲದಲ್ಲೇ ಇರುತ್ತದೆ. ಕಲ್ಲಿಗೆ ತಾಗಿ ಕವಚದಲ್ಲಿ ಒಂದು ತಗ್ಗು ಬಿದ್ದರೂ ಒಳಗೆ ಏನಾಗಿದೆ ಅಂತ ನೋಡಲೇಬೇಕು. ಬಿವೈಡಿ ಸೀಲ್‌ನಂಥ ಕಾರಿನಲ್ಲಿ ಬ್ಯಾಟರಿಯ ಮೇಲಿನ ಮುಚ್ಚಳವೇ ಕಾರಿನ ನೆಲ. ಇದರಿಂದ ಕಾರು ಗಟ್ಟಿಯಾಗುತ್ತದೆ, ನಿಜ. ಆದರೆ ರಿಪೇರಿಗೆ ಬಿಚ್ಚುವುದು ದೊಡ್ಡ ಕೆಲಸ. ಯಾವ ಪೆಟ್ಟಿಗೆ ಕವಚ ಮಾತ್ರ ಬದಲಿಸಿದರೆ ಸಾಕು, ಯಾವುದಕ್ಕೆ ಇಡೀ ಬ್ಯಾಟರಿ ಬದಲಿಸಬೇಕು ಅಂತ ಕಂಪನಿ ಸ್ಪಷ್ಟವಾದ ರಿಪೇರಿ ಕೈಪಿಡಿ ಕೊಡಬೇಕು. ಕೊಡದಿದ್ದರೆ ನಾವು ಸರ್ವೇಯರ್‌ಗಳು ಅಪಾಯ ಮೈಮೇಲೆ ಎಳೆದುಕೊಳ್ಳುವುದಿಲ್ಲ, ಟೋಟಲ್ ಲಾಸ್ ಅಂತ ಬರೆಯುತ್ತೇವೆ. ಅದರ ಖರ್ಚು ಮುಂದಿನ ವರ್ಷ ಎಲ್ಲರ ಪ್ರೀಮಿಯಂನಲ್ಲಿ ಬರುತ್ತದೆ. ಟೆಸ್ಲಾದಂಥ ಕಾರಿಗೂ ಈ ಸಮಸ್ಯೆ ಇದೆ. ಆದರೆ ಹೊಸ ಕಂಪನಿಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಮಾರುವವರ ತಂಡ ಮೊದಲು ಬರುತ್ತದೆ, ರಿಪೇರಿಯವರ ತಂಡ ಆಮೇಲೆ.

ಕಂಪನಿ ಉಳಿಯುತ್ತದಾ ಅನ್ನುವುದು ಇನ್ನೊಂದು. ಚೀನಾದಲ್ಲಿ ಎಲೆಕ್ಟ್ರಿಕ್ ಕಾರು ಕಂಪನಿಗಳು ಅಣಬೆಯ ಹಾಗೆ ಎದ್ದವು, ಹಾಗೇ ಬಾಡುತ್ತಲೂ ಇವೆ. ಡಬ್ಲ್ಯುಎಂ ಮೋಟಾರ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಹೈಫೈ 2024ರಲ್ಲಿ ಉತ್ಪಾದನೆ ನಿಲ್ಲಿಸಿತು. ಹೊರದೇಶಗಳಲ್ಲೂ ಕಾರು ಮಾರಿದ್ದ ನೇಟಾ 2025ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕಂಪನಿ ಮುಳುಗಿದರೆ ಏಳು ವರ್ಷದ ವಾರಂಟಿ ಬರೀ ಕಾಗದ. ಆ್ಯಪ್, ಸಾಫ್ಟ್‌ವೇರ್ ಅಪ್‌ಡೇಟ್ ಯಾರು ಕೊಡುತ್ತಾರೆ? ಅಮೆರಿಕದ ಫಿಸ್ಕರ್ ಕೂಡ 2024ರಲ್ಲಿ ಹೀಗೇ ಮುಳುಗಿತು, ಅದನ್ನೂ ಹೇಳಬೇಕು.

ಇಂಥ ಕಾರಿಗೆ ರೀಸೇಲ್ ಬೆಲೆ ಸಿಗಲ್ಲ ಅಂತ ಮನೆಯವರು ಹೇಳಿದರೆ ಅದರಲ್ಲಿ ಸತ್ಯವಿದೆ. ಆದರೆ ಕಾರಣ ಅವರಂದುಕೊಂಡದ್ದಲ್ಲ. ಕಾರು ಬೇಗ ಹಳತಾಗುತ್ತದೆ ಅಂತಲ್ಲ, ಹೊಸ ಕಾರಿನ ಬೆಲೆಯೇ ಬಿದ್ದುಹೋಗುತ್ತದೆ. 2024ರಲ್ಲಿ ಥೈಲ್ಯಾಂಡ್‌ನಲ್ಲಿ ಬಿವೈಡಿ ಕಾರುಗಳ ಬೆಲೆ ಇಳಿದಾಗ ಮೊದಲೇ ಪೂರ್ತಿ ಬೆಲೆ ಕೊಟ್ಟು ಕೊಂಡವರು ರೊಚ್ಚಿಗೆದ್ದು ದೂರು ಕೊಟ್ಟರು, ಸರ್ಕಾರ ವಿಚಾರಣೆಗೆ ಇಳಿಯಿತು. ಹೊಸದೇ ಅಗ್ಗಕ್ಕೆ ಸಿಗುವಾಗ ನಿಮ್ಮ ಎರಡು ವರ್ಷದ ಹಳೇ ಕಾರಿಗೆ ಯಾರು ಬೆಲೆ ಕಟ್ಟುತ್ತಾರೆ? ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ಅಷ್ಟೇನೂ ಚಿಂತೆಯಲ್ಲ. ಮೂರು ವರ್ಷಕ್ಕೊಮ್ಮೆ ಬದಲಿಸುವವರಿಗೆ ಚಿಂತೆಯೇ.

ಕ್ಯಾಮೆರಾ, ಮಾಹಿತಿ ಕಳ್ಳತನದ ಭಯವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅಮೆರಿಕ 2025ರ ಜನವರಿಯಲ್ಲಿ ಚೀನಾ ನಂಟಿರುವ ಕನೆಕ್ಟೆಡ್, ಅಂದರೆ ಇಂಟರ್ನೆಟ್ ಜೋಡಿಸಿದ, ಕಾರು ಸಾಫ್ಟ್‌ವೇರಿಗೆ 2027ರ ಮಾಡೆಲ್‌ಗಳಿಂದ ನಿಷೇಧದ ನಿಯಮ ತಂದಿತು. ಅದಕ್ಕೂ ಮುಂಚೆ, 2021ರಲ್ಲಿ, ಚೀನಾ ತನ್ನ ಸೇನಾ ಆವರಣದೊಳಗೆ ಟೆಸ್ಲಾ ಕಾರು ಬಿಡುವುದನ್ನು ನಿಲ್ಲಿಸಿತ್ತು, ಕಾರಣ ಅದೇ ಕ್ಯಾಮೆರಾ. ಅಂದರೆ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ನೀವು ರಕ್ಷಣಾ ಇಲಾಖೆಯಂಥ ಕಡೆ ಕೆಲಸ ಮಾಡುತ್ತಿದ್ದರೆ ಯೋಚಿಸಿ. ಉಳಿದವರು ಯಾವ ದೇಶದ ಕಾರಾದರೂ ಆ್ಯಪ್‌ಗೆ ಎಷ್ಟು ಅನುಮತಿ ಕೊಡುತ್ತೀರಿ ಅಂತ ನೋಡಿಕೊಳ್ಳಬೇಕು ಅಷ್ಟೇ.

ರಾಜಕೀಯ ಅಥವಾ ಮಾನವ ಹಕ್ಕಿನ ಕಾರಣಕ್ಕೆ ಬೇಡ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಅದು ಅವರ ಹಣ, ಅವರ ಮನಸ್ಸು. ಆದರೆ 2024ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ಚೀನಾದ ಶಿಂಜಿಯಾಂಗ್‌ನ ಅಲ್ಯೂಮಿನಿಯಂ ಮತ್ತು ಅಲ್ಲಿನ ಬಲವಂತದ ದುಡಿಮೆಯ ಬಗ್ಗೆ ವರದಿ ಕೊಟ್ಟಾಗ ಅದರಲ್ಲಿ ಟೊಯೋಟಾ, ಫೋಕ್ಸ್‌ವ್ಯಾಗನ್, ಜನರಲ್ ಮೋಟಾರ್ಸ್, ಟೆಸ್ಲಾ ಹೆಸರುಗಳೂ ಇದ್ದವು. ಬ್ಯಾಡ್ಜ್ ಬದಲಿಸಿದರೆ ಕೈ ತೊಳೆದುಕೊಂಡ ಹಾಗಲ್ಲ.

ಈಗ ನಿಮ್ಮ ಕಾರಿನ ವಿಷಯ. ಆ ಬ್ರ್ಯಾಂಡ್ ನಿಮ್ಮಲ್ಲಿ ಐದಾರು ವರ್ಷದಿಂದ ಮಾರುತ್ತಿದ್ದರೆ, ರಸ್ತೆಯಲ್ಲಿ ಅದರ ಹಳೇ ಕಾರುಗಳು ಓಡಾಡುತ್ತಿದ್ದರೆ, ಧೈರ್ಯವಾಗಿ ನೋಡಿ. ನಿನ್ನೆ ಮೊನ್ನೆ ಬಂದ ಕಂಪನಿಯಾದರೆ ನಾನು ಮೊದಲ ಗಿರಾಕಿ ಆಗುವುದಿಲ್ಲ, ಎಷ್ಟೇ ಚೆನ್ನಾಗಿರಲಿ. ಬುಕ್ ಮಾಡುವ ಮುಂಚೆ ವಿಮೆಯ ಪ್ರೀಮಿಯಂ ಎಷ್ಟು ಅಂತ ಎರಡು ಮೂರು ಕಡೆ ಕೇಳಿ. ಬೇರೆ ಕಾರಿಗಿಂತ ವಿಪರೀತ ಜಾಸ್ತಿ ಇದ್ದರೆ, ನಮ್ಮಂಥವರು ಆ ಕಾರಿನಿಂದ ಈಗಾಗಲೇ ಸುಸ್ತಾಗಿದ್ದಾರೆ ಅಂತ ಅರ್ಥ. ಆಮೇಲೆ ಸರ್ವಿಸ್ ಸೆಂಟರಿಗೆ ಹೋಗಿ. ಶೋರೂಮಿಗಲ್ಲ, ಸರ್ವಿಸ್ ಸೆಂಟರಿಗೆ. ಎಡಗಡೆಯ ಹೆಡ್‌ಲೈಟ್, ಮುಂದಿನ ಗಾಜು, ಬ್ಯಾಟರಿಯ ಕೆಳಗಿನ ಕವಚ, ಈ ಮೂರರ ಬೆಲೆ ಎಷ್ಟು, ಎಷ್ಟು ದಿನದಲ್ಲಿ ಬರುತ್ತದೆ ಅಂತ ಬರೆದುಕೊಡಲು ಹೇಳಿ. ಕಂಪ್ಯೂಟರ್ ನೋಡಿ ತಕ್ಷಣ ಹೇಳಿದರೆ ಒಳ್ಳೆಯದು. 'ತರಿಸಿಕೊಡ್ತೀವಿ ಬಿಡಿ, ಏನೂ ಆಗಲ್ಲ' ಅಂದರೆ ಒಂದು ವರ್ಷ ತಡೆದು ಮತ್ತೆ ಹೋಗಿ ಇದೇ ಪ್ರಶ್ನೆ ಕೇಳಿ. ಅಷ್ಟರಲ್ಲಿ ಕಾರಿನ ಬೆಲೆ ಇನ್ನೂ ಇಳಿದಿದ್ದರೂ ಇಳಿದಿರಬಹುದು.