ಅಜ್ಜಿ ಯಾಕೆ ಸತ್ತಳು ಎಂದು ಕೇಳಿದ ಹುಡುಗ

ಓದುಗರ ಪತ್ರ

ಮಾನ್ಯ ಸಂಪಾದಕರೇ, ನಾನು ಧಾರವಾಡ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಮೂರು ವರ್ಷದಿಂದ ಸಂಡೆ ಸ್ಕೂಲ್ ಟೀಚರ್. ಒಂದೇ ಕೋಣೆಯಲ್ಲಿ 24 ಮಕ್ಕಳು, ಆರು ವರ್ಷದವರಿಂದ ಹದಿಮೂರರವರೆಗೆ. ಬೈಬಲಿನ 66 ಪುಸ್ತಕಗಳ ಹೆಸರು, 23ನೇ ಕೀರ್ತನೆ, ಹತ್ತು ಆಜ್ಞೆ ಎಲ್ಲ ಬಾಯಿಪಾಠ ಆಗಿದೆ. ಹೋದ ತಿಂಗಳು ಹತ್ತು ವರ್ಷದ ಒಬ್ಬ ಹುಡುಗ ಪಾಠದ ನಡುವೆ ಎದ್ದು ನಿಂತು ಕೇಳಿದ: "ಮನೆಯವರೆಲ್ಲ ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ವಿ. ಆದ್ರೂ ಅಜ್ಜಿ ಯಾಕೆ ಸತ್ತಳು? ದೇವರಿಗೆ ಕೇಳಿಸಲಿಲ್ವಾ?" ನನಗೆ ಏನೂ ತೋಚಲಿಲ್ಲ. "ದೇವರನ್ನ ಹಾಗೆಲ್ಲ ಕೇಳಬಾರದು, ಕೂತ್ಕೋ" ಅಂದುಬಿಟ್ಟೆ. ಆಮೇಲೆ ಎರಡು ಭಾನುವಾರ ಅವನು ಬಂದಿಲ್ಲ. ದೊಡ್ಡ ಮಕ್ಕಳೂ ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ. ಬಹುಮಾನ ಜಾಸ್ತಿ ಮಾಡೋಣ ಅಂತ ಕಮಿಟಿಯವರು ಹೇಳ್ತಾರೆ. ನಾನು ಈ ಕೆಲಸಕ್ಕೆ ತಕ್ಕವಳೇ ಅಂತ ಅನುಮಾನ ಬಂದಿದೆ.
– ಒಬ್ಬ ಸಂಡೆ ಸ್ಕೂಲ್ ಟೀಚರ್

ಸಂಪಾದಕರ ಉತ್ತರ

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕಮಿಟಿ, ಬಹುಮಾನ, ದೊಡ್ಡ ಮಕ್ಕಳ ವಿಷಯ ಆಮೇಲೆ ನೋಡೋಣ. ಮೊದಲು ಆ ಹುಡುಗನ ಮನೆಗೆ ಹೋಗಿ. ಮುಂದಿನ ಭಾನುವಾರಕ್ಕೆ ಕಾಯಬೇಡಿ, ಈ ವಾರವೇ ಹೋಗಿ. ಅಪ್ಪ ಅಮ್ಮ ಮನೆಯಲ್ಲಿರುವ ಹೊತ್ತು ನೋಡಿಕೊಂಡು ಹೋಗಿ.

ಅವನನ್ನು ವಾಪಸ್ ಕರೆದುಕೊಂಡು ಬರಲು ಹೋಗಬೇಡಿ. "ಯಾಕೋ ಬರ್ಲಿಲ್ಲ?" ಎಂದು ಕೇಳಲೂ ಬೇಡಿ. "ಆವತ್ತು ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ನಾನು ಹಾಗೆ ಅನ್ನಬಾರದಿತ್ತು, ತಪ್ಪಾಯ್ತು" ಎಂದು ಹೇಳಿ. ದೊಡ್ಡವರು ತನ್ನ ಹತ್ತಿರ ತಪ್ಪಾಯ್ತು ಎನ್ನುವುದನ್ನು ಹತ್ತು ವರ್ಷದ ಹುಡುಗ ಎಷ್ಟು ಸಲ ಕೇಳಿರುತ್ತಾನೆ? ಕ್ಷಮೆ ಎಂದರೇನು ಎಂದು ಒಂದು ವರ್ಷ ಪಾಠ ಮಾಡಿದರೂ ಅಷ್ಟು ಅರ್ಥವಾಗಲಿಕ್ಕಿಲ್ಲ.

ಆಮೇಲೆ ಅಜ್ಜಿಯ ವಿಷಯ ಕೇಳಿ. ಏನು ಅಡುಗೆ ಮಾಡುತ್ತಿದ್ದರು, ಯಾವ ಹಾಡು ಹೇಳುತ್ತಿದ್ದರು, ಇವನನ್ನು ಏನೆಂದು ಕರೆಯುತ್ತಿದ್ದರು. ಅವನು ಮಾತಾಡಿದರೆ ಕೇಳಿಸಿಕೊಳ್ಳಿ. ಮಾತಾಡದಿದ್ದರೆ ಸುಮ್ನೆ ಜೊತೆಗೆ ಕೂತಿರಿ.

ಅವನು ಮತ್ತೆ ಅದೇ ಪ್ರಶ್ನೆ ಕೇಳಬಹುದು. ಆಗ "ನನಗೂ ಗೊತ್ತಿಲ್ಲ ಮಗಾ" ಎನ್ನಲು ಹಿಂಜರಿಯಬೇಡಿ. ನಾವು ಸಮಾಧಾನ ಮಾಡಲು ಹೋಗಿ ಆಡುವ ಕೆಲವು ಮಾತುಗಳು ಮಕ್ಕಳಿಗೆ ಬಹಳ ಭಾರವಾಗುತ್ತವೆ. "ಅಜ್ಜಿ ಮಲಗಿದ್ದಾಳೆ" ಎಂದರೆ ಚಿಕ್ಕ ಮಕ್ಕಳಿಗೆ ರಾತ್ರಿ ಮಲಗಲು ಭಯ ಶುರುವಾಗುತ್ತದೆ. "ದೇವರಿಗೆ ಅಜ್ಜಿ ಬೇಕಾಗಿದ್ದಳು, ಕರೆದುಕೊಂಡ" ಎಂದರೆ, ನನಗೂ ಬೇಕಾಗಿದ್ದಳಲ್ಲ ಎಂದು ಮಗುವಿಗೆ ದೇವರ ಮೇಲೆ ಸಿಟ್ಟು ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, "ನಂಬಿಕೆಯಿಂದ ಪ್ರಾರ್ಥನೆ ಮಾಡಿದ್ದರೆ ಬದುಕುತ್ತಿದ್ದಳು" ಎನ್ನುವುದು. ಅಜ್ಜಿಯ ಸಾವಿನ ಹೊರೆಯನ್ನು ಮಗುವಿನ ತಲೆಯ ಮೇಲೆ ಹೊರಿಸಿದ ಹಾಗೆ ಅದು. ಯಾರಾದರೂ ಅವನಿಗೆ ಹಾಗೆ ಹೇಳಿದ್ದರೆ, ಅದು ನಿಜ ಅಲ್ಲ ಎಂದು ನೀವು ಬಾಯಿಬಿಟ್ಟು ಹೇಳಲೇಬೇಕು.

ದೇವರನ್ನು ಹಾಗೆಲ್ಲ ಕೇಳಬಾರದು ಅಂದಿರಿ. ಸತ್ಯವೇದದಲ್ಲೇ, ಅಂದರೆ ಬೈಬಲಿನಲ್ಲೇ, ಹಾಗೆ ಕೇಳಿದವರಿದ್ದಾರಲ್ಲ! ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆಯಿರಿ. ಲಾಜರ ಸತ್ತು ನಾಲ್ಕು ದಿನವಾಗಿದೆ. ಕಾಯಿಲೆ ಎಂದು ಮೊದಲೇ ಹೇಳಿಕಳಿಸಿದ್ದರೂ ಯೇಸುಸ್ವಾಮಿ ಬಂದಿರಲಿಲ್ಲ. ಬಂದಾಗ ಲಾಜರನ ಅಕ್ಕ ಮಾರ್ತ ಎದುರು ಹೋಗಿ ಹೇಳುತ್ತಾಳೆ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು. ಸ್ವಲ್ಪ ಹೊತ್ತಿಗೆ ಮರಿಯಳೂ ಬಂದು ಅದೇ ಮಾತು ಹೇಳುತ್ತಾಳೆ. ನಿಮ್ಮ ಹುಡುಗ ಕೇಳಿದ್ದೂ ಅದೇ ಅಲ್ವಾ? ಯೇಸುಸ್ವಾಮಿ ಆ ಅಕ್ಕತಂಗಿಯರನ್ನು ಗದರಿಸಲಿಲ್ಲ. ಸಮಾಧಿ ಎಲ್ಲಿದೆ ಎಂದು ಕೇಳಿದರು. ಆಮೇಲೆ ಅತ್ತರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದವರು, ಅದಕ್ಕೂ ಮೊದಲು ನಿಂತು ಅತ್ತರು. ನಿಮ್ಮ ಹುಡುಗನಿಗೆ ಈ ಕಥೆ ಹೇಳುವಾಗ ಅಲ್ಲೇ ಸ್ವಲ್ಪ ನಿಲ್ಲಿ. ಎಬ್ಬಿಸಿದ್ದನ್ನು ಹೇಳುವ ಆತುರ ಬೇಡ. ಅವನ ಅಜ್ಜಿ ಎದ್ದು ಬರಲಿಲ್ಲ, ಅದು ಅವನಿಗೆ ಗೊತ್ತು.

ನಿಮ್ಮ ಮಕ್ಕಳಿಗೆ 23ನೇ ಕೀರ್ತನೆ ಬಾಯಿಪಾಠ ಎಂದು ಬರೆದಿದ್ದೀರಿ. ಬಹಳ ಸಂತೋಷ. "ಯೆಹೋವನು ನನಗೆ ಕುರುಬನು" ಎಂದು ಚಿಕ್ಕ ಮಕ್ಕಳು ಒಟ್ಟಿಗೆ ಹೇಳುವುದನ್ನು ಕೇಳಿದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಅದರ ಹಿಂದೆಯೇ ಇರುವುದು 22ನೇ ಕೀರ್ತನೆ. ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಎಂದು ಶುರುವಾಗುತ್ತದೆ ಅದು. ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಲ್ಲಿ ಬಂದದ್ದೂ ಆ ಮಾತೇ. ನಾವು ಮಕ್ಕಳಿಗೆ ಹಸಿರು ಹುಲ್ಲುಗಾವಲನ್ನು ಕಲಿಸುತ್ತೇವೆ, ಅದರ ಪಕ್ಕದಲ್ಲೇ ಇರುವ ಅಳುವನ್ನು ಮಾತ್ರ ಹಾರಿಸಿಬಿಡುತ್ತೇವೆ. ಆಮೇಲೆ ಮಗುವಿಗೆ ಅಳು ಬಂದಾಗ, ಇದಕ್ಕೆ ದೇವರ ಮನೆಯಲ್ಲಿ ಜಾಗ ಇಲ್ಲ ಎಂದುಕೊಂಡು ಅದು ದೂರ ಹೋಗುತ್ತದೆ. ಎರಡು ಕೀರ್ತನೆಗಳನ್ನೂ ಕಲಿಸಿ. ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ಕೇಳುವ 13ನೇ ಕೀರ್ತನೆಯೂ ಇದೆ. ಆರೇ ವಚನ, ಮಕ್ಕಳಿಗೆ ಕಷ್ಟವಲ್ಲ.

ಈಗ ಬಹುಮಾನದ ವಿಷಯ. ಇದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ಸಂಡೆ ಸ್ಕೂಲ್ ಎಂಬುದು ಹರಡಿದ್ದು ಇಂಗ್ಲೆಂಡಿನ ಗ್ಲೌಸ್ಟರ್ ಊರಿನಿಂದ. 1780ರಲ್ಲಿ ರಾಬರ್ಟ್ ರೇಕ್ಸ್ ಎಂಬವರು ಅದನ್ನು ಶುರುಮಾಡಿದರು. ಅವರೂ ಪತ್ರಿಕೆಯವರೇ, ಅದಕ್ಕೆ ನನಗೆ ಅವರ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ. ಆ ಊರಿನ ಬಡವರ ಮಕ್ಕಳು ಗುಂಡುಸೂಜಿ ಕಾರ್ಖಾನೆಗಳಲ್ಲಿ ವಾರವಿಡೀ ದುಡಿಯುತ್ತಿದ್ದರು. ಬಿಡುವು ಭಾನುವಾರ ಮಾತ್ರ. ಶಾಲೆಯ ಮುಖ ಕಾಣದ ಆ ಮಕ್ಕಳಿಗೆ ಅಂದು ಓದಲು ಕಲಿಸಿದರು. ಓದಲು ಕೈಗೆ ಕೊಟ್ಟದ್ದು ಬೈಬಲ್. ನಮ್ಮಲ್ಲೂ ಹಾಗೆಯೇ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ನಿಮ್ಮ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಚರ್ಚಿನ ಜೊತೆಗೇ ಶಾಲೆಯನ್ನೂ ತೆರೆದರು. ಶಾಲೆ ಇಲ್ಲದ ಮಕ್ಕಳಿಗೆ ಅದು ದೊಡ್ಡ ದಾನ.

ಇವತ್ತು ನಿಮ್ಮ 24 ಮಕ್ಕಳು ಆರು ದಿನ ಶಾಲೆಗೆ ಹೋಗುತ್ತಾರೆ. ಸಂಜೆ ಟ್ಯೂಷನ್ ಬೇರೆ. ಹಾಜರಿ, ಟೆಸ್ಟು, ಮಾರ್ಕ್ಸು, ರ‍್ಯಾಂಕು. ಏಳನೇ ದಿನ ದೇವರ ಮನೆಗೆ ಬಂದರೆ ಅಲ್ಲೂ ಹಾಜರಿ, ಅಲ್ಲೂ ಪರೀಕ್ಷೆ, ಗೋಡೆಯ ಮೇಲೆ ನಕ್ಷತ್ರದ ಚಾರ್ಟು. ಓದಲು ತಡವರಿಸುವ ಮಗು ಶಾಲೆಯಲ್ಲೂ ಹಿಂದೆ, ಇಲ್ಲೂ ಹಿಂದೆ. ಮನೆಯಲ್ಲಿ ವಚನ ಹೇಳಿಕೊಡಲು ಪುರುಸೊತ್ತಿರುವ ತಾಯಿ ಇದ್ದವರಿಗೆ ಬಹುಮಾನ. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗುವ ತಾಯಿಯ ಮಗುವಿಗೆ ಚಪ್ಪಾಳೆ ತಟ್ಟುವ ಕೆಲಸ. ಆ ಮಗು ಮನೆಗೆ ಒಯ್ಯುವ ಪಾಠ ಯಾವುದು ಹೇಳಿ? ದೇವರ ಹತ್ತಿರವೂ ಬುದ್ಧಿವಂತರಿಗೇ ಮೊದಲ ಜಾಗ ಎಂಬುದು. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸುಸ್ವಾಮಿ ಸಿಟ್ಟಾದದ್ದು ಮಾರ್ಕನ 10ನೇ ಅಧ್ಯಾಯದಲ್ಲಿದೆ. ಆ ಮಕ್ಕಳಿಗೆ ಅವರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅಪ್ಪಿಕೊಂಡು, ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು.

ಬಾಯಿಪಾಠ ಬೇಡ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಹೆಸರು ಮರೆತ ಮುದುಕರೂ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರುಮಾಡಿದರೆ ಕೊನೆಯವರೆಗೆ ಹೇಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಂಟು ವರ್ಷಕ್ಕೆ ಕಲಿತದ್ದು ಎಂಬತ್ತಕ್ಕೂ ಕೈಬಿಡುವುದಿಲ್ಲ. ಅದಕ್ಕೇ ಅದನ್ನು ಓಟದ ಪಂದ್ಯ ಮಾಡಬೇಡಿ. ಎರಡು ತಿಂಗಳಿಗೆ ಒಂದು ಕೀರ್ತನೆ ಸಾಕು. ಎಲ್ಲರೂ ಸೇರಿ, ಒಂದೇ ದನಿಯಲ್ಲಿ. ಬಾರದವರು ಬರುವವರ ದನಿಗೆ ಸೇರಿಕೊಳ್ಳಲಿ. ಕಮಿಟಿಯವರು ಬಹುಮಾನದ ಹಣವನ್ನು ಕೊಡುವುದಾದರೆ ಅದರಲ್ಲಿ 24 ಮಕ್ಕಳಿಗೂ ಒಂದೊಂದು ಬೈಬಲ್ ತನ್ನಿ, ಒಳಗೆ ನಿಮ್ಮ ಕೈಯಿಂದಲೇ ಹೆಸರು ಬರೆದುಕೊಡಿ.

ಮಂಗಳೂರು ಕಡೆಯ ಕಥೋಲಿಕರ ಮೊಂತಿ ಹಬ್ಬವನ್ನು ನೀವು ನೋಡಿದ್ದೀರೋ ಇಲ್ಲವೋ. ನಾವು ಬೇರೆ ಸಭೆಯವರಾದರೂ ಅವರಿಂದ ಕಲಿಯುವುದಿದೆ. ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ, ತಟ್ಟೆಯಲ್ಲಿ ಹೂ ತುಂಬಿಕೊಂಡು ಚರ್ಚಿಗೆ ಹೋಗುತ್ತಾರೆ. ಮಳೆಗಾಲದ ಕೊನೆ ಅದು. ಹಿತ್ತಲು, ಬೇಲಿ, ಗದ್ದೆಯ ಬದು ಎಲ್ಲ ಕಡೆ ಹೂ. ಬೆಳಿಗ್ಗೆ ಎದ್ದು ಮಗುವೇ ಹುಡುಕಿ ಕೊಯ್ಯಬೇಕು. ಹಾಡುತ್ತಾ ಸಾಲಾಗಿ ಹೋಗಿ ಬಾಲಮರಿಯಮ್ಮನ ಮುಂದೆ ಹಾಕಬೇಕು. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ. ಆ ತೆನೆ ಮನೆಗೆ ಬಂದು, ಹೊಸ ಅಕ್ಕಿ ಹಾಲಿನಲ್ಲೋ ಪಾಯಸದಲ್ಲೋ ಸೇರಿ ಎಲ್ಲರ ನಾಲಿಗೆಗೆ ತಲುಪುತ್ತದೆ. ಊಟಕ್ಕೆ ಆ ದಿನ ಮೀನು ಮಾಂಸ ಇಲ್ಲ, ತರಕಾರಿಯೇ. ಇದರಲ್ಲಿ ಪರೀಕ್ಷೆ ಎಲ್ಲಿದೆ? ಆದರೂ ದುಬೈಯಲ್ಲೋ ಮುಂಬೈಯಲ್ಲೋ ಇರುವ ಐವತ್ತು ವರ್ಷದವರು ಆ ಹೂವಿನ ಬುಟ್ಟಿಯನ್ನು ಮರೆತಿಲ್ಲ. ಕೈಯಲ್ಲಿ ಹಿಡಿದದ್ದು, ನಾಲಿಗೆಗೆ ರುಚಿಸಿದ್ದು, ಅಪ್ಪ ಅಮ್ಮನ ಪಕ್ಕದಲ್ಲಿ ನಿಂತು ಮಾಡಿದ್ದು ಮಗುವಿನ ಒಳಗೆ ಇಳಿಯುತ್ತದೆ. ನಿಮ್ಮ ಸಭೆಯಲ್ಲಿ ಬೆಳೆ ಹಬ್ಬ ಇದ್ದೇ ಇರುತ್ತದೆ. ಜೋಳದ ತೆನೆ, ಬದನೆಕಾಯಿ, ಮೊಟ್ಟೆ ತರುವವರು ಈ ಸಲ ಮಕ್ಕಳೇ ಆಗಲಿ. ಅವರೇ ಮುಂದೆ ಹೋಗಿ ಇಡಲಿ.

ಇನ್ನು ದೊಡ್ಡ ಮಕ್ಕಳು. ಹದಿಮೂರು ವರ್ಷದ ಹುಡುಗಿಯನ್ನು ಆರು ವರ್ಷದವರ ಜೊತೆ ಕೂರಿಸಿ ಚಿತ್ರಕ್ಕೆ ಬಣ್ಣ ಹಚ್ಚಿಸಿದರೆ ಅವಳು ಯಾಕೆ ಬರುತ್ತಾಳೆ? ಯೇಸುಸ್ವಾಮಿಯ ಹುಡುಗತನದ ಒಂದೇ ಒಂದು ಘಟನೆಯನ್ನು ಲೂಕ ಬರೆದಿದ್ದಾನೆ. ಹನ್ನೆರಡು ವರ್ಷದ ಹುಡುಗ ದೇವಾಲಯದಲ್ಲಿ ಪಂಡಿತರ ನಡುವೆ ಕೂತು, ಅವರ ಮಾತು ಕೇಳುತ್ತಾ ಪ್ರಶ್ನೆ ಹಾಕುತ್ತಿದ್ದ. ಹುಡುಗ ಎಂದು ಯಾರೂ ಎಬ್ಬಿಸಿ ಕಳಿಸಲಿಲ್ಲ. ನಿಮ್ಮಲ್ಲಿ ಹನ್ನೊಂದು ದಾಟಿದವರಿಗೆ ಕೆಲಸ ಕೊಡಿ. ಚಿಕ್ಕವರಿಗೆ ಕಥೆ ಹೇಳುವುದು ಅವರೇ ಆಗಲಿ. ತಿಂಗಳಿಗೊಂದು ಭಾನುವಾರ ಅವರನ್ನು ಮಾತ್ರ ಕೂರಿಸಿಕೊಂಡು, ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಕೇಳಲು ಹೇಳಿ. ಸಭೆಯ ಪಾದ್ರಿ ಅಯ್ಯನವರನ್ನೂ ಕರೆಯಿರಿ. ಕೆಲವು ಚೀಟಿ ಓದಿ ನಿಮಗೆ ಗಾಬರಿಯಾಗಬಹುದು, ಆದರೂ ಎಲ್ಲ ಓದಿ.

ಇಲ್ಲಿ ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ಮಕ್ಕಳು ನಿಮ್ಮನ್ನು ನಂಬಿ ಬಾಯಿಬಿಟ್ಟಾಗ ಕೆಲವೊಮ್ಮೆ ಅವರ ಮೇಲೆ ನಡೆದ ಕೆಟ್ಟದ್ದೂ ಹೊರಬರುತ್ತದೆ. "ಯಾರಿಗೂ ಹೇಳಲ್ಲ" ಎಂದು ಮೊದಲೇ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಅದನ್ನು ತಿಳಿಸಲೇಬೇಕು ಎಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಸಭೆಯ ಮರ್ಯಾದೆ ಹೋಗುತ್ತದೆ ಎಂದು ಮುಚ್ಚಿಡುವಂತಿಲ್ಲ. ಮಕ್ಕಳ ಸಹಾಯವಾಣಿ 1098. ಆ ಕೋಣೆಯಲ್ಲಿ ಯಾವಾಗಲೂ ದೊಡ್ಡವರು ಇಬ್ಬರಿರಲಿ, ಬಾಗಿಲು ತೆರೆದಿರಲಿ. ನೀವು ಒಬ್ಬರೇ ಇದ್ದರೆ ಇನ್ನೊಬ್ಬರನ್ನು ಕೊಡಿ ಎಂದು ಕಮಿಟಿಯನ್ನು ಕೇಳಿ. ಬಹುಮಾನಕ್ಕಿಂತ ಇದು ಮೊದಲು.

ಅಪ್ಪ ಅಮ್ಮಂದಿರಿಗೂ ಹೇಳಬೇಕಾದ್ದಿದೆ. ಈ ಪುಟ ಅವರೂ ಓದಲಿ. ಮಕ್ಕಳಿಗೆ ಕಲಿಸಿರಿ ಎಂಬ ಅಪ್ಪಣೆ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿದೆ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎಂದಿದೆ ಅಲ್ಲಿ. ವಾರಕ್ಕೆ ಮುಕ್ಕಾಲು ಗಂಟೆ ಸಂಡೆ ಸ್ಕೂಲಿಗೆ ಬಿಟ್ಟುಬಂದರೆ ನಮ್ಮ ಪಾಲು ಮುಗಿಯಿತು ಎಂದುಕೊಂಡರೆ ಟೀಚರ್ ಪಾಪ ಏನು ಮಾಡಿಯಾರು? ರಾತ್ರಿ ಊಟಕ್ಕೆ ಮುಂಚೆ ಎರಡು ನಿಮಿಷ ಫೋನ್ ಪಕ್ಕಕ್ಕಿಟ್ಟು, ಇವತ್ತು ಯಾವುದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳೋಣ ಎಂದು ಮಗುವನ್ನು ಕೇಳಬಹುದು. ಮಗುವಿನ ದೀಕ್ಷಾಸ್ನಾನದ ದಿನ ಸಭೆಯವರೆಲ್ಲ ಮಾತು ಕೊಟ್ಟಿರುತ್ತೇವೆ. ಅಯ್ಯನವರ ಪ್ರಸಂಗ ಶುರುವಾಗುವಾಗ ಮಕ್ಕಳನ್ನು ಹಿಂದಿನ ಕೋಣೆಗೆ ಕಳಿಸಿ ಬಾಗಿಲು ಮುಚ್ಚಿದರೆ, ದೊಡ್ಡವರು ಮೊಣಕಾಲೂರುವುದನ್ನು ಅವರು ನೋಡುವುದು ಯಾವಾಗ? ತಿಂಗಳಿಗೊಮ್ಮೆಯಾದರೂ ಪೂರ್ತಿ ಆರಾಧನೆಗೆ ಕೂರಲಿ. ಒಬ್ಬ ಪಾಠ ಓದಲಿ, ಒಬ್ಬಳು ಕಾಣಿಕೆ ಎತ್ತಲಿ. ಗದ್ದಲವಾದರೆ ಆಗಲಿ.

ತಕ್ಕವಳೇ ಎಂದು ಕೇಳಿದ್ದೀರಿ. ಚಿಕ್ಕ ಸಮುವೇಲನಿಗೆ ರಾತ್ರಿ ದೇವರ ಕರೆ ಕೇಳಿಸಿತು. ಮೂರು ಸಲವೂ ಅವನು ಓಡಿದ್ದು ಮುದುಕ ಯಾಜಕ ಏಲಿಯ ಹತ್ತಿರ. ಏಲಿಯ ಕಣ್ಣು ಮಬ್ಬಾಗಿತ್ತು, ಮನೆ ಹಾಳಾಗಿತ್ತು. ಆದರೂ ಕರೆಯುತ್ತಿರುವುದು ದೇವರು ಎಂದು ಮೂರನೇ ಸಲಕ್ಕೆ ಅವನಿಗೆ ಅರ್ಥವಾಯಿತು, ಹೋಗಿ ಮಲಗು, ಮತ್ತೆ ಕರೆದರೆ ಅಪ್ಪಣೆಯಾಗಲಿ, ಕೇಳುತ್ತಿದ್ದೇನೆ ಎಂದು ಹೇಳು ಎಂದು ಕಳಿಸಿದ. ನಿಮ್ಮಿಂದ ಅಷ್ಟಾದರೆ ಬೇಕಾದಷ್ಟಾಯಿತು.

ನನ್ನ ಸಂಡೆ ಸ್ಕೂಲ್ ಟೀಚರ್ ಒಬ್ಬ ಟೇಲರ್. ಅವರು ಮಾಡಿದ ಪಾಠಗಳಲ್ಲಿ ಒಂದೂ ನನಗೆ ನೆನಪಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ನನಗೆ ಕಾಮಾಲೆಯಾಗಿ ತಿಂಗಳುಗಟ್ಟಲೆ ಮಲಗಿದ್ದೆ. ಅಂಗಡಿ ಮುಚ್ಚಿ ಮನೆಗೆ ಹೋಗುವ ದಾರಿಯಲ್ಲಿ ಅವರು ಬಂದು ನಮ್ಮ ಹೊಸ್ತಿಲಲ್ಲಿ ಕೂತು ಮೋಸಂಬಿ ಸುಲಿದು ಕೊಡುತ್ತಿದ್ದರು. ಪ್ರಾರ್ಥನೆ ಎಂದರೆ ಒಂದೇ ಸಾಲು. ಬೆರಳಲ್ಲಿ ಸೂಜಿ ಚುಚ್ಚಿದ ಗುರುತು. ದೇವರು ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ ಕೈ.

ಬೈಬಲಿನಲ್ಲಿ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರ ಶುರುವಾದ ಸ್ವಲ್ಪದಲ್ಲೇ, ನಿನ್ನ ನಂಬಿಕೆ ಮೊದಲು ನಿನ್ನ ಅಜ್ಜಿ ಲೋವಿಯಲ್ಲಿ ಇತ್ತು ಎನ್ನುತ್ತಾನೆ. ಆಮೇಲೆ ತಾಯಿಯ ಹೆಸರು. ಹುಡುಗನ ಮನೆಗೆ ಹೋದಾಗ ಆ ಒಂದು ವಚನವನ್ನು ಅವನ ಜೊತೆ ಓದಿ. ಪ್ರಾರ್ಥನೆ ಮಾಡಲು ನಿನಗೆ ಯಾರು ಕಲಿಸಿದರು ಎಂದು ಕೇಳಿ. ಅಜ್ಜಿಯೇ ಇರಬೇಕು ಎಂದು ನನ್ನ ಊಹೆ. ಅವರ ಹೆಸರು ನಿಮ್ಮ ಪತ್ರದಲ್ಲಿ ಇಲ್ಲ. ಕೇಳಿಕೊಂಡು ಬನ್ನಿ, ನಮಗೂ ಬರೆಯಿರಿ. ನಮ್ಮ ಕಚೇರಿಯ ಸೋಮವಾರದ ಪ್ರಾರ್ಥನೆಯಲ್ಲಿ ಆ ಹೆಸರು ಹೇಳಿ ದೇವರಿಗೆ ವಂದನೆ ಸಲ್ಲಿಸುತ್ತೇವೆ. ಹಳೆಯ ಸಂಚಿಕೆಗಳ ಮಕ್ಕಳ ಪುಟಗಳನ್ನು ನಿಮಗಾಗಿ ಕಟ್ಟಿಟ್ಟಿದ್ದೇನೆ, ವಿಳಾಸ ಕಳಿಸಿ. ಅಂಚೆ ಖರ್ಚು ನಮ್ಮದೇ.

– ಸಂಪಾದಕ