ಓದುಗರ ಪ್ರಶ್ನೆ, ನಮ್ಮ ಉತ್ತರ: ಪರೀಕ್ಷೆ ಬಂದಾಗ ಬಾಗಿಲು ಹಾಕಬಹುದಾದ ವ್ಯಾಪಾರ

ಓದುತ್ತಲೇ ಸ್ವಂತವಾಗಿ ನಡೆಸಬಹುದಾದ ಸಣ್ಣ ವ್ಯಾಪಾರ ಯಾವುದು ಎಂದು ಕೇಳಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ವಿದ್ಯಾರ್ಥಿಗಳೂ ಪೋಷಕರೂ ಬರೆದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದೇನೆ. ಕೈಯಲ್ಲಿ 10,000 ರೂಪಾಯಿ ಇದೆ. ಖಾರ ಮಂಡಕ್ಕಿಯನ್ನು ಪೊಟ್ಟಣ ಕಟ್ಟಿ ಹಾಸ್ಟೆಲ್‌ಗಳ ಸುತ್ತಲಿನ ಅಂಗಡಿಗಳಿಗೆ ಹಾಕಬೇಕೆಂಬ ಆಸೆಯಿದೆ. ಲಾಭ ಸಿಕ್ಕೀತೇ?

ಉತ್ತರ: ಮಂಡಕ್ಕಿ ಭಟ್ಟಿಗಳಿರುವ ಊರಿನಲ್ಲೇ ಇದ್ದೀರಿ, ಕಚ್ಚಾ ಸಾಮಗ್ರಿಗೆ ದೂರ ಹೋಗಬೇಕಾಗಿಲ್ಲ. ಆದರೆ ಆ ಅನುಕೂಲ ಊರಿನ ಎಲ್ಲರಿಗೂ ಇದೆ. ಸಂಜೆ ಮಿರ್ಚಿಯ ಜೊತೆ ಬಿಸಿಬಿಸಿ ಒಗ್ಗರಣೆ ಮಂಡಕ್ಕಿ ಬೀದಿಬೀದಿಯಲ್ಲೂ ಸಿಗುವ ದಾವಣಗೆರೆಯಲ್ಲಿ ನಿಮ್ಮ ಪೊಟ್ಟಣವನ್ನು ಸಂಜೆ ಯಾರೂ ಕೇಳುವುದಿಲ್ಲ. ಕೇಳುವುದು ರಾತ್ರಿ ಹನ್ನೊಂದಕ್ಕೆ, ಗಾಡಿಗಳೆಲ್ಲ ಮುಚ್ಚಿದ ಮೇಲೆ, ಮರುದಿನದ ಇಂಟರ್ನಲ್ಸ್‌ಗೆ ಓದುತ್ತ ಕುಳಿತ ಹುಡುಗರು. ಆದ್ದರಿಂದ ಪೊಟ್ಟಣ ಹಗಲಲ್ಲೇ ಅವರ ಕೊಠಡಿ ಸೇರಿರಬೇಕು. ಅಂಗಡಿಗೆ ಹಾಕಿ ಬರುವುದಕ್ಕಿಂತ ಹಾಸ್ಟೆಲ್‌ನ ಮಹಡಿಗೊಬ್ಬ ಗೆಳೆಯನನ್ನು ಹಿಡಿದು ಬೇಡಿಕೆ ಬರೆಸಿಕೊಳ್ಳುವುದು ಮೇಲು.

ಏಕೆಂಬುದನ್ನು ಲೆಕ್ಕದಲ್ಲೇ ನೋಡೋಣ. ಇವು ಉದಾಹರಣೆಯ ಅಂಕಿಗಳು, ನಿಮ್ಮ ಊರಿನ ಈ ವಾರದ ಧಾರಣೆ ಹಾಕಿ ತಿದ್ದಿಕೊಳ್ಳಿ. ಪೊಟ್ಟಣದ ಬೆಲೆ 15 ರೂಪಾಯಿ ಎಂದಿರಲಿ. ಮಂಡಕ್ಕಿ, ಶೇಂಗಾ, ಪುಟಾಣಿ, ಎಣ್ಣೆ, ಬೆಳ್ಳುಳ್ಳಿ, ಖಾರದ ಪುಡಿ ಸೇರಿ 7 ರೂಪಾಯಿ, ಪೊಟ್ಟಣ ಮತ್ತು ಲೇಬಲ್ಲಿಗೆ 1.50, ಗ್ಯಾಸಿಗೆ 1, ಅಂಗಡಿಯವರ ಪಾಲು 3, ಉಳಿಯುವುದು 2.50. ವಾರಕ್ಕೆ 200 ಪೊಟ್ಟಣ ಹೋದರೆ 500 ರೂಪಾಯಿ. ಅದಕ್ಕೆ ಹತ್ತು ತಾಸು ದುಡಿದಿದ್ದರೆ ತಾಸಿಗೆ 50 ರೂಪಾಯಿ ಬಿತ್ತು. ಇನ್ನು 200ರಲ್ಲಿ ಬರೀ 20 ಪೊಟ್ಟಣ ಮೆತ್ತಗಾಗಿ ಮರಳಿ ಬಂದವು ಎಂದುಕೊಳ್ಳಿ. 180 ಪೊಟ್ಟಣದ ಲಾಭ 450. ಮರಳಿ ಬಂದ 20ಕ್ಕೆ ನೀವು ಆಗಲೇ ಹಾಕಿದ ಖರ್ಚು ತಲಾ 9.50ರಂತೆ 190, ಕೈಯಲ್ಲಿ ಉಳಿದದ್ದು 260. ಹತ್ತರಲ್ಲಿ ಒಂದು ಪೊಟ್ಟಣ ಕೆಟ್ಟರೆ ಲಾಭದ ಹತ್ತಿರ ಹತ್ತಿರ ಅರ್ಧವೇ ಹೋಗುತ್ತದೆ. ಮಂಡಕ್ಕಿ ಗಾಳಿಯ ತೇವವನ್ನು ಬೇಗ ಹೀರುವ ಪದಾರ್ಥವಾದ್ದರಿಂದ ಮಳೆಗಾಲದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದೇ 200 ಪೊಟ್ಟಣವನ್ನು ಮೊದಲೇ ಬರೆಸಿಕೊಂಡ ಬೇಡಿಕೆಯಂತೆ ನೇರವಾಗಿ ಕೊಟ್ಟರೆ ಅಂಗಡಿಯ ಪಾಲು ನಿಮಗೇ ಉಳಿದು 1,100 ರೂಪಾಯಿ ಆಗುತ್ತದೆ, ಮರಳಿ ಬರುವ ಪ್ರಶ್ನೆಯೂ ಇಲ್ಲ. ಗುರುವಾರ ಬರೆಸಿಕೊಳ್ಳಿ, ಶನಿವಾರ ಮಾಡಿ, ಭಾನುವಾರ ಹಂಚಿ.

ನಾನು ಕಾಲೇಜಿನಲ್ಲಿದ್ದಾಗ ಹೊಸ ವರ್ಷದ ಶುಭಾಶಯ ಪತ್ರಗಳನ್ನು 300 ತಂದು 120 ಮಾರಿದವನು. ಉಳಿದವು ಮನೆಯ ಅಟ್ಟದ ಮೇಲೆ ಬಹಳ ವರ್ಷ ಇದ್ದವು, ಜನವರಿ ಬಂದಾಗಲೆಲ್ಲ ತಾಯಿ ಅವುಗಳ ವಿಚಾರ ಕೇಳುತ್ತಿದ್ದರು. ವಿದ್ಯಾರ್ಥಿಯ ವ್ಯಾಪಾರವನ್ನು ನಾನು ಅಳೆಯುವುದು ಆ ಅಟ್ಟದ ಲೆಕ್ಕದಲ್ಲಿ: ಪರೀಕ್ಷೆ ಬಂತೆಂದು ಮೂರು ವಾರ ಬಾಗಿಲು ಹಾಕಿದರೆ ಏನು ಕೆಡುತ್ತದೆ, ಯಾರಿಗೆ ಬಾಕಿ ಉಳಿಯುತ್ತದೆ? ಏನೂ ಕೆಡದಿದ್ದರೆ, ಯಾರಿಗೂ ಬಾಕಿ ಇರದಿದ್ದರೆ ಆ ವ್ಯಾಪಾರ ನಿಮ್ಮದು. ಬೇಡಿಕೆಯ ಮೇಲೆ ಮಾಡುವ ಮಂಡಕ್ಕಿ ಈ ಪರೀಕ್ಷೆಯಲ್ಲಿ ಪಾಸು, ಅಂಗಡಿಗಳಿಗೆ ಹಾಕುವ ಮಂಡಕ್ಕಿ ನಪಾಸು.

ನಿಯಮದ ವಿಷಯ. ಹಾಸ್ಟೆಲ್ ಕೊಠಡಿಯಲ್ಲಿ ಒಲೆ ಹಚ್ಚಬೇಡಿ; ಊರಿನಲ್ಲಿ ಮನೆಯಿರುವ ಸಹಪಾಠಿಯ ಅಡುಗೆಮನೆ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು. ಸಣ್ಣ ತಯಾರಕರಿಗೆ ಇದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಿಗುವ 14 ಅಂಕಿಯ ಸಂಖ್ಯೆಯನ್ನು ಲೇಬಲ್ಲಿನ ಮೇಲೆ ಹಾಕಬೇಕು. ಅದರ ಜೊತೆ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ತಯಾರಕರ ವಿಳಾಸ, ದೂರಿಗೆ ಫೋನ್ ಸಂಖ್ಯೆ ಇವೂ ಇರಬೇಕು. ಶೇಂಗಾ ಹಾಕಿದ್ದನ್ನು ಎದ್ದು ಕಾಣುವಂತೆ ಬರೆಯಿರಿ, ಅದು ಮೈಗೆ ಒಗ್ಗದವರಿದ್ದಾರೆ. ಹತ್ತು ಸಾವಿರದಲ್ಲಿ ಮೊದಲ ತಿಂಗಳು ಎರಡು ಸಾವಿರಕ್ಕಿಂತ ಹೆಚ್ಚು ಮುಟ್ಟಬೇಡಿ.

ಪ್ರಶ್ನೆ: ನನ್ನ ಅಕ್ಷರ ದುಂಡಗಿದೆ. ಬೇರೆ ವಿದ್ಯಾರ್ಥಿಗಳ ರೆಕಾರ್ಡ್ ಮತ್ತು ಅಸೈನ್‌ಮೆಂಟ್‌ಗಳನ್ನು ಪುಟಕ್ಕೆ ಇಷ್ಟೆಂದು ಬರೆದುಕೊಡುತ್ತೇನೆ. ಇದನ್ನೇ ದೊಡ್ಡದಾಗಿ ಮಾಡಬಹುದೇ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಮಾಡಬೇಡಿ, ಮಾಡುತ್ತಿರುವುದನ್ನೂ ನಿಲ್ಲಿಸಿ. ರೆಕಾರ್ಡಿಗೆ ಆಂತರಿಕ ಅಂಕಗಳಿವೆ, ಹಣ ಪಡೆದು ನೀವು ಬೇರೆಯವರಿಗೆ ಆ ಅಂಕ ಮಾಡಿಕೊಡುತ್ತಿದ್ದೀರಿ. ಸಿಕ್ಕಿಬಿದ್ದರೆ ಕೊಟ್ಟವರ ಜೊತೆ ಬರೆದವರ ಮೇಲೂ ಕಾಲೇಜು ಕ್ರಮ ಕೈಗೊಳ್ಳಬಹುದು. ಇದರಲ್ಲಿ ವ್ಯಾಪಾರದ ದೋಷವೂ ಒಂದಿದೆ: ಎಲ್ಲರ ರೆಕಾರ್ಡೂ ಒಂದೇ ವಾರಕ್ಕೆ ಬೇಕು, ಅದು ನಿಮ್ಮದೇ ಪರೀಕ್ಷೆಯ ಹಿಂದಿನ ವಾರ.

ನಿಮ್ಮ ತಾಳ್ಮೆಗೆ ಹೊಂದುವ ನೇರವಾದ ಕೆಲಸವೊಂದಿದೆ, ಅದು ಕನ್ನಡ ಬೆರಳಚ್ಚು. ಪಂಚಾಯಿತಿ ಅರ್ಜಿ, ಸಹಕಾರ ಸಂಘದ ವಾರ್ಷಿಕ ವರದಿ, ಮದುವೆಯ ಲಗ್ನಪತ್ರಿಕೆ, ಕನ್ನಡ ಎಂ.ಎ. ವಿದ್ಯಾರ್ಥಿಗಳ ಪ್ರಬಂಧ, ಇವೆಲ್ಲವಕ್ಕೂ ತಪ್ಪಿಲ್ಲದೆ ಒತ್ತುವವರು ಬೇಕು, ಅಂಥವರು ಕಡಿಮೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ್ದನ್ನು ಆಧರಿಸಿದೆ. ದಿನಕ್ಕೆ ಒಂದು ತಾಸು ಕೂತರೆ ಎರಡು ತಿಂಗಳಲ್ಲಿ ಕೈ ಕುದುರೀತು. ಹಳೆಯ ನುಡಿ ಅಕ್ಷರಶೈಲಿಯ ಕಡತಗಳನ್ನು ಎಲ್ಲ ಗಣಕಗಳಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ತಪ್ಪಿರುವಲ್ಲಿ ಕಣ್ಣಿಟ್ಟು ತಿದ್ದಿಕೊಡುವುದೂ ಹಣ ತರುವ ಕೆಲಸವೇ. ಪುಟಕ್ಕೆ ದರ ಹೇಳುವಾಗ ಎರಡು ಸಲ ಕರಡು ತಿದ್ದುವುದನ್ನು ಸೇರಿಸಿಯೇ ಹೇಳಿ. ಮೂರನೆಯ ಸಲಕ್ಕೆ ಬೇರೆ ದರ ಎಂಬುದನ್ನು ಮೊದಲೇ ತಿಳಿಸದಿದ್ದರೆ ಲಗ್ನಪತ್ರಿಕೆಯ ಮನೆಯವರು ಹೆಸರುಗಳನ್ನು ಸೇರಿಸುತ್ತಲೇ ಇರುತ್ತಾರೆ.

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ. ಹದಿನೇಳು ವರ್ಷದ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಹೊಲದ ಶೇಂಗಾದಿಂದ ಗಾಣದ ಎಣ್ಣೆ ಮತ್ತು ಚಿಕ್ಕಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ ಎನ್ನುತ್ತಾಳೆ. ಅವಳ ಹೆಸರಿನಲ್ಲೇ ಮಾಡಬಹುದೇ?

ಉತ್ತರ: 1872ರ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆಯಿಲ್ಲ. ಆದ್ದರಿಂದ ನೋಂದಣಿಯನ್ನು ಸದ್ಯ ನಿಮ್ಮ ಅಥವಾ ಅವಳ ತಾಯಿಯ ಹೆಸರಿನಲ್ಲಿ ಮಾಡಿಸಿ, ಲೆಕ್ಕದ ಪುಸ್ತಕವನ್ನು ಮಾತ್ರ ಮಗಳೇ ಬರೆಯಲಿ. ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕು ನಿಗದಿ ಮಾಡಿದ ಮಿತಿಯೊಳಗೆ ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಟ್ಟಿದೆ. ಅವಳ ಪಾಲಿನ ಹಣ ಅಲ್ಲಿಗೆ ಹೋಗಲಿ.

ಎಣ್ಣೆಯನ್ನು ಈಗ ಕೈಬಿಡಿ. ಖಾದ್ಯ ತೈಲವನ್ನು ಬಿಡಿಯಾಗಿ ಅಳೆದು ಮಾರಲು ನಿಯಮ ಒಪ್ಪುವುದಿಲ್ಲ, ಸೀಲು ಮಾಡಿ ಲೇಬಲ್ ಅಂಟಿಸಬೇಕು. ಜೊತೆಗೆ ಎಣ್ಣೆಯ ಗಿರಣಿಗಳಿಗೇ ಹೆಸರಾದ ಚಳ್ಳಕೆರೆಯ ಪಕ್ಕದಲ್ಲಿ ಕೂತು ಬೆಲೆಯಲ್ಲಿ ಅವರೊಡನೆ ಸ್ಪರ್ಧಿಸುವುದು ಪಿಯುಸಿ ಹುಡುಗಿಗೆ ತಕ್ಕ ಹೊರೆಯಲ್ಲ. ಚಿಕ್ಕಿ ಸರಿ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಬೆಲ್ಲದ ಪಾಕಕ್ಕೂ ಮೊದಲು ಬರುತ್ತದೆ. ಕಿತ್ತ ಶೇಂಗಾ ಚೆನ್ನಾಗಿ ಒಣಗದಿದ್ದರೆ, ಇಲ್ಲವೇ ಹೊಲದಲ್ಲಿ ಕೊನೆಗಾಲದ ಬರಕ್ಕೆ ಸಿಕ್ಕಿದ್ದರೆ, ಆಸ್ಪರ್‌ಜಿಲ್ಲಸ್ ಎಂಬ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದು ಯಕೃತ್ತನ್ನು ಕೆಡಿಸುವಂಥದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಅಲುಗಿಸಿದರೆ ಕಾಳು ಸಿಪ್ಪೆಯೊಳಗೆ ಗಲಗಲ ಎನ್ನುವಷ್ಟು ಒಣಗಿಸಿ. ಸುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳನ್ನು ಒಂದೊಂದಾಗಿ ಆರಿಸಿ ಎಸೆಯಬೇಕು. ಎಸೆಯಬೇಕು ಎಂದೇ ಬರೆದಿದ್ದೇನೆ, ದನಕ್ಕೂ ಹಾಕಬಾರದು. ಆ ವಿಷ ಹಾಲಿಗೂ ಇಳಿಯುತ್ತದೆ.

ಆನ್‌ಲೈನ್ ಬಗ್ಗೆ: ರಾಜ್ಯದ ಹೊರಗೆ ಸರಕು ಕಳಿಸುವವರು ವಹಿವಾಟು ಎಷ್ಟೇ ಸಣ್ಣದಿರಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ಮೊದಲ ವರ್ಷ ಚಿತ್ರದುರ್ಗ, ದಾವಣಗೆರೆಯ ಪರಿಚಿತರ ಬೇಡಿಕೆಯನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡು ನಡೆಸಲಿ. ಫೆಬ್ರವರಿಯಲ್ಲಿ ಪಾತ್ರೆ ತೊಳೆದಿಟ್ಟು ಪರೀಕ್ಷೆಗೆ ಕೂರಲಿ.

ಪ್ರಶ್ನೆ: ಮೂವರು ಗೆಳೆಯರು ಸೇರಿ ಸಂಜೆ ಬೆಣ್ಣೆದೋಸೆಯ ಗಾಡಿ ಹಾಕಬೇಕೆಂದಿದ್ದೇವೆ. ಫೋನ್‌ಪೇಯಲ್ಲಿ ಹಣ ಪಡೆದರೆ ತೆರಿಗೆಯವರ ನೋಟಿಸು ಬರುತ್ತದೆಂದು ಕೆಲವರು ಹೆದರಿಸುತ್ತಾರೆ. (ದಾವಣಗೆರೆ)

ಉತ್ತರ: 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತವನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ನಿಜ. ಆ ಗದ್ದಲದಲ್ಲಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಫಲಕಗಳೂ ನೇತಾಡಿದವು. ಆದರೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷದ ಒಟ್ಟು ವಹಿವಾಟಿಗೆ ಸಂಬಂಧಿಸಿದ್ದು, ಹಣ ನಗದಾಗಿ ಬಂತೋ ಫೋನಿನಲ್ಲಿ ಬಂತೋ ಎಂಬುದಕ್ಕೆ ಅಲ್ಲ. ಬರೀ ಸರಕು ಮಾರುವವರಿಗೆ ಅದು 40 ಲಕ್ಷ, ಸೇವೆಗೆ 20 ಲಕ್ಷ. ತಿಂಡಿ ಮಾಡಿ ಬಡಿಸುವುದು ಸೇವೆಯ ಲೆಕ್ಕಕ್ಕೆ ಬರುತ್ತದೆ. ವರ್ಷವಿಡೀ ದಿನ ತಪ್ಪದೆ ಸುಮಾರು 5,500 ರೂಪಾಯಿ ವ್ಯಾಪಾರವಾದರೆ ಮಾತ್ರ ನೀವು ಆ ಗಡಿ ಮುಟ್ಟುತ್ತೀರಿ. ಫೋನಿನಲ್ಲೇ ಹಣ ಪಡೆಯಿರಿ, ಆದರೆ ಗಾಡಿಗೆಂದೇ ಬೇರೆ ಖಾತೆಯಿರಲಿ. ಅಪ್ಪ ಕಳಿಸುವ ಮೆಸ್ ಖರ್ಚೂ ಗೆಳೆಯನ ಸಾಲವೂ ದೋಸೆಯ ಹಣವೂ ಒಂದೇ ಖಾತೆಯಲ್ಲಿ ಕಲೆತರೆ ನಾಳೆ ಯಾವುದು ಯಾವುದೆಂದು ನೀವೇ ಹೇಳಲಾರಿರಿ.

ನನ್ನ ಅನುಮಾನವಿರುವುದು ದೋಸೆಯ ಮೇಲೆ. ಬೆಣ್ಣೆದೋಸೆಯ ತವರಿನಲ್ಲಿ, ತಲೆಮಾರುಗಳಿಂದ ಕಾವಲಿ ಕಾಯಿಸಿದವರ ಪಕ್ಕದಲ್ಲಿ, ನಿಮ್ಮ ದೋಸೆಯ ಅಂಚು ಗರಿಗರಿಯಾಗಿ ಒಳಗೆ ಮೆತ್ತಗಿಲ್ಲದಿದ್ದರೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ಹಿಟ್ಟು ಹಿಂದಿನ ದಿನವೇ ರುಬ್ಬಿ ಹುದುಗಬೇಕು; ಸಂಜೆ ಮಳೆ ಬಂದರೆ ಅಷ್ಟೂ ಹುಳಿ. ಬೆಣ್ಣೆಯಲ್ಲಿ ಕೈ ಹಿಡಿದರೆ ಹೆಸರು ಕೆಡುತ್ತದೆ, ಹಿಡಿಯದಿದ್ದರೆ ಲಾಭವೇ ಕರಗುತ್ತದೆ. ಅದರ ಬದಲು ಬೆಳಗಿನ ಓಟದ ಮೈದಾನಗಳ ಬಳಿ ರಾಗಿ ಅಂಬಲಿ, ಮೊಳಕೆ ಕಾಳು, ಮಜ್ಜಿಗೆ ಮಾರಿ ಎಂಟೂವರೆಗೆ ತರಗತಿ ಸೇರಬಹುದು. ಯಾವುದನ್ನು ಮಾಡಿದರೂ ಆಹಾರದ ನೋಂದಣಿಯ ಜೊತೆಗೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಾಲಿಕೆಯಿಂದ ವ್ಯಾಪಾರದ ಪ್ರಮಾಣಪತ್ರ ಕೇಳಿ. ಮೂವರ ಪಾಲು, ದುಡಿಮೆಯ ದಿನ, ಬಿಟ್ಟುಹೋಗುವವರಿಗೆ ಎಷ್ಟು ಎಂಬುದನ್ನು ಛಾಪಾ ಕಾಗದದ ಮೇಲೆ ಬರೆದು ಮೂವರೂ ಸಹಿ ಮಾಡಿ. ಗೆಳೆತನ ಗಟ್ಟಿಯಾಗಿರುವಾಗಲೇ ಇದು ಸುಲಭ.

ಪ್ರಶ್ನೆ: ಮುದ್ರಾ ಯೋಜನೆಯಲ್ಲಿ 50,000 ರೂಪಾಯಿ ತೆಗೆದುಕೊಂಡು ಆಮೇಲೆ ಏನು ಮಾಡುವುದೆಂದು ಯೋಚಿಸಬಹುದೇ? (ಹೊಳಲ್ಕೆರೆ)

ಉತ್ತರ: ಮುದ್ರಾದ ಅತಿ ಸಣ್ಣ ಸಾಲಗಳ ಶಿಶು ವರ್ಗದಲ್ಲಿ 50,000ದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ, ಆದರೆ ಅದು ಸಾಲವೇ, ಬಡ್ಡಿಯೂ ಕಂತೂ ಇದೆ. ಪರೀಕ್ಷೆಯ ತಿಂಗಳಲ್ಲೂ ಕಂತು ನಿಲ್ಲುವುದಿಲ್ಲ. ಕೆಲಸವೇನೆಂದು ಗೊತ್ತಿಲ್ಲದೆ ಬ್ಯಾಂಕಿನ ಮೆಟ್ಟಿಲು ಹತ್ತಬೇಡಿ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಡುತ್ತೇವೆಂದು ಹಣ ಕೇಳುವವರನ್ನೂ ನಂಬಬೇಡಿ, ಸರ್ಕಾರದ ಜಾಲತಾಣದಲ್ಲಿ ಅದು ಪೂರ್ತಿ ಉಚಿತ.

ಪ್ರಶ್ನೆ: ನಮ್ಮ ಮನೆಯವರು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ನಾನು ಚಿತ್ರದುರ್ಗದಲ್ಲಿ ಬಿ.ಎ. ಓದುತ್ತಿದ್ದೇನೆ. ಸೀರೆಗಳನ್ನು ನಾನೇ ಮಾರಲೇ?

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ನಿಮ್ಮದು. ಸೀರೆ ಮನೆಯಲ್ಲೇ ಇದೆ, ಅದು ಮೆತ್ತಗಾಗುವುದಿಲ್ಲ, ಹುಳಿಯುವುದಿಲ್ಲ, ನಿಮ್ಮ ಸೆಮಿಸ್ಟರ್ ಮುಗಿಯುವವರೆಗೆ ಕಾಯುತ್ತದೆ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ (ಊರಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ, ಜಿಐ) ಮಾನ್ಯತೆ ಇರುವುದರಿಂದ ಹೆಸರನ್ನೂ ಹೊಸದಾಗಿ ಕಟ್ಟಬೇಕಾಗಿಲ್ಲ. ಹಗಲು ಬೆಳಕಿನಲ್ಲಿ, ಬಣ್ಣ ತಿದ್ದದೆ, ಸೆರಗು, ಅಂಚು, ಒಡಲು ಮೂರನ್ನೂ ಬೇರೆ ಬೇರೆಯಾಗಿ ಚಿತ್ರ ತೆಗೆಯಿರಿ. ನೇಯಲು ಎಷ್ಟು ದಿನ ಹಿಡಿಯಿತೆಂದು ಕೆಳಗೆ ಬರೆಯಿರಿ. ಜರಿ ಯಾವುದೆಂಬುದನ್ನು ಮುಚ್ಚಿಡಬೇಡಿ. ರೇಷ್ಮೆ ಶುದ್ಧವೇ ಎಂದು ಕೇಳಿದವರಿಗೆ ಸೀರೆಯಿಂದ ಎಳೆದ ಒಂದು ಎಳೆಯನ್ನು ಸುಟ್ಟು ತೋರಿಸಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಕೃತಕ ನೂಲು. ಶುದ್ಧ ರೇಷ್ಮೆಗೆ ಕೊಡುವ ರೇಷ್ಮೆ ಗುರುತಿನ (ಸಿಲ್ಕ್ ಮಾರ್ಕ್) ಲೇಬಲ್ ಪಡೆಯುವುದು ಇನ್ನೂ ಒಳ್ಳೆಯದು.

ಒಂದನ್ನು ಮೊದಲೇ ಮನೆಯವರೊಡನೆ ತೀರ್ಮಾನಿಸಿಕೊಳ್ಳಿ. ಸೀರೆಗೆ ಇಂತಿಷ್ಟು ಎಂದು ಅವರು ಬೆಲೆ ಹೇಳಲಿ, ಅದರ ಮೇಲಿನದು ನಿಮ್ಮ ದುಡಿಮೆ. ಕಂತಿನಲ್ಲಿ ಕೊಡುತ್ತೇನೆ ಎನ್ನುವ ಗಿರಾಕಿಗೆ, ಅವರು ನಿಮ್ಮ ಕಾಲೇಜಿನ ಉಪನ್ಯಾಸಕಿಯೇ ಆಗಿದ್ದರೂ, ಕೊನೆಯ ಕಂತು ಬಂದ ಮೇಲೆಯೇ ಸೀರೆ ಕೊಡಿ.